ಡಿಕಾಕ್ಷನ್ ಬಿಡದೆ ಕೊಲೆಸ್ಟ್ರಾಲ್ ಇಳಿಸೋಕೆ ಪೇಪರ್ ಫಿಲ್ಟರ್ ಸಹಾಯ ಆಗುತ್ತಾ? ತಿಳಿದವರು ಹೇಳಿ

ಮನೆಯಡುಗೆ_ತುಮಕೂರು

ಎಲ್ಲರಿಗೂ ನಮಸ್ಕಾರ. ನಾವಿರೋದು ತುಮಕೂರು, ಎಸ್.ಎಸ್. ಪುರಂ ಕಡೆ. ನಮ್ಮ ಯಜಮಾನರ ರಕ್ತ ಪರೀಕ್ಷೆಯಲ್ಲಿ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್ ಅಂತಾರಲ್ಲ, ಅದು) 156 ಬಂದಿದೆ, ಟ್ರೈಗ್ಲಿಸರೈಡ್ (ರಕ್ತದಲ್ಲಿರೋ ಇನ್ನೊಂದು ಬಗೆ ಕೊಬ್ಬು) 190. ಸಕ್ಕರೆ ಕಾಯಿಲೆ ಇಲ್ಲ, ಬಿ.ಪಿ. ಅಂಚಿನಲ್ಲಿದೆ. ಡಾಕ್ಟರು ಸದ್ಯಕ್ಕೆ ಮಾತ್ರೆ ಬರೆದಿಲ್ಲ. ಊಟ ತಿಂಡಿ ಸರಿ ಮಾಡ್ಕೊಳ್ಳಿ, ನಡೀರಿ, ಮೂರು ತಿಂಗಳು ಬಿಟ್ಟು ಮತ್ತೆ ಪರೀಕ್ಷೆ ಮಾಡಿಸಿ, ಆಮೇಲೆ ನೋಡೋಣ ಅಂದಿದ್ದಾರೆ.

ಇವರು ಕಾಫಿ ಮನುಷ್ಯ. ಬೆಳಿಗ್ಗೆ ಎದ್ದ ತಕ್ಷಣ ಒಂದು, ತಿಂಡಿ ಜೊತೆ ಒಂದು, ಆಫೀಸಲ್ಲಿ ಎರಡು, ಸಂಜೆ ಬಂದ ಮೇಲೆ ಒಂದು. ಮನೇಲಿ ಸ್ಟೀಲ್ ಫಿಲ್ಟರ್, ಪುಡಿ ಅಂಗಡೀಲಿ ಎದುರಿಗೇ ಹುರಿದು ಬೀಸಿ ಕೊಡ್ತಾರೆ, ಚಿಕೋರಿ ನೂರಕ್ಕೆ ಇಪ್ಪತ್ತು ಭಾಗ. ಬೆಂಗಳೂರಲ್ಲಿರೋ ಮಗ ಫೋನ್ ಮಾಡಿ, "ಸ್ಟೀಲ್ ಫಿಲ್ಟರ್ ಬಿಟ್ಟು ಪೇಪರ್ ಫಿಲ್ಟರ್‌ಗೆ ಬನ್ನಿ, ಕಾಫಿಯಲ್ಲಿರೋ ಎಣ್ಣೆ ಕೊಲೆಸ್ಟ್ರಾಲ್ ಏರಿಸುತ್ತೆ" ಅಂತಾನೆ. ಕಾಫಿಯಲ್ಲಿ ಎಣ್ಣೆ ಇದೆ ಅನ್ನೋದೇ ನನಗೆ ಹೊಸ ವಿಷಯ. ಇದು ನಿಜಾನಾ? ನಿಜ ಆದ್ರೆ ಹಾಲು ಹಾಕಿದ ನಮ್ಮ ಕಾಫಿಗೆ ಆ ಪೇಪರ್ ವಿಧಾನ ಒಗ್ಗುತ್ತಾ? ಹಬೆಯಾಡೋ ಗಟ್ಟಿ ಕಾಫಿ ಬದಲು ಬಣ್ಣದ ನೀರು ಕೊಟ್ಟರೆ ಇವರು ಆಫೀಸಿನ ಕ್ಯಾಂಟೀನಲ್ಲಿ ಇನ್ನೆರಡು ಕಪ್ ಜಾಸ್ತಿ ಕುಡೀತಾರೆ, ಅದು ನನ್ನ ಭಯ.

ಜೀವರಸಾಯನ

ನಿಮ್ಮ ಮಗ ಹೇಳಿದ್ದು ನಿಜ ಮೇಡಂ. ನಾನು ತುಮಕೂರಿನಲ್ಲೇ ಕಾಲೇಜು ಮಕ್ಕಳಿಗೆ ಬಯೋಕೆಮಿಸ್ಟ್ರಿ ಪಾಠ ಮಾಡುತ್ತೇನೆ, ಇದು ನನಗೆ ಇಷ್ಟದ ವಿಷಯ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಕಾಫಿ ಬೀಜದ ಎಣ್ಣೆಯಲ್ಲಿ ಕೆಫೆಸ್ಟಾಲ್, ಕಾವಿಯಾಲ್ ಎಂಬ ಎರಡು ವಸ್ತುಗಳಿವೆ. ಇವು ಕೊಲೆಸ್ಟ್ರಾಲ್ ಅಲ್ಲ. ಆದರೆ ನಮ್ಮ ಯಕೃತ್ತು ಕೊಲೆಸ್ಟ್ರಾಲನ್ನು ಪಿತ್ತರಸದ ಆಮ್ಲವಾಗಿ ಬದಲಾಯಿಸಿ ಖರ್ಚು ಮಾಡುತ್ತದಲ್ಲ, ಆ ಕೆಲಸಕ್ಕೆ ಕೆಫೆಸ್ಟಾಲ್ ತಡೆ ಹಾಕುತ್ತದೆ. ಖರ್ಚು ಕಡಿಮೆಯಾದ ಕೊಲೆಸ್ಟ್ರಾಲ್ ರಕ್ತದಲ್ಲಿ ಉಳಿಯುತ್ತದೆ, ಎಲ್‌ಡಿಎಲ್ ಏರುತ್ತದೆ. ಕಾವಿಯಾಲ್‌ನ ಪರಿಣಾಮ ಇದಕ್ಕಿಂತ ಕಡಿಮೆ.

ಇದು ಗೊತ್ತಾದ ಬಗೆ ಚೆನ್ನಾಗಿದೆ. 1983ರಲ್ಲಿ ನಾರ್ವೆಯ ಟ್ರೊಮ್ಸೊ ಊರಿನ ಹೃದಯ ಅಧ್ಯಯನದಲ್ಲಿ, ಹೆಚ್ಚು ಕಾಫಿ ಕುಡಿಯುವವರಿಗೆ ಕೊಲೆಸ್ಟ್ರಾಲ್ ಹೆಚ್ಚು ಎಂದು ಕಂಡಿತು. ಬೇರೆ ಕೆಲವು ದೇಶಗಳಲ್ಲಿ ನೋಡಿದರೆ ಅಂಥ ಸಂಬಂಧ ಸರಿಯಾಗಿ ಕಾಣಲಿಲ್ಲ. ಕಾಫಿ ಅದೇ, ಜನರೂ ಮನುಷ್ಯರೇ, ಹಾಗಾದರೆ ಯಾಕೆ? ಉತ್ತರ ಮಾಡುವ ರೀತಿಯಲ್ಲಿತ್ತು. ಉತ್ತರ ನಾರ್ವೆಯಲ್ಲಿ ಪುಡಿಯನ್ನು ನೀರಿಗೆ ಹಾಕಿ ಕುದಿಸಿ, ತಳಕ್ಕೆ ಇಳಿದ ಮೇಲೆ ಬಗ್ಗಿಸಿಕೊಂಡು ಕುಡಿಯುವುದು ರೂಢಿ. ಆಮೇಲೆ ನೆದರ್‌ಲ್ಯಾಂಡ್ಸ್‌ನ ಸಂಶೋಧಕರು ಕುದಿಸಿದ ಅದೇ ಕಾಫಿಯನ್ನು ಕೆಲವರಿಗೆ ಹಾಗೇ ಕೊಟ್ಟರು, ಇನ್ನು ಕೆಲವರಿಗೆ ಕಾಗದದಲ್ಲಿ ಸೋಸಿ ಕೊಟ್ಟರು. ಸೋಸದೆ ಕುಡಿದವರ ಎಲ್‌ಡಿಎಲ್ ಏರಿತು, ಸೋಸಿ ಕುಡಿದವರದ್ದು ಏರಲಿಲ್ಲ. 1991ರಲ್ಲಿ ಇದು ಪ್ರಕಟವಾಯಿತು. ಕೆಟ್ಟ ವಸ್ತು ಕಾಗದ ದಾಟುವುದಿಲ್ಲ ಎಂದು ಅಲ್ಲಿಗೆ ಖಚಿತವಾಯಿತು. ಆ ವಸ್ತು ಕೆಫೆಸ್ಟಾಲ್ ಎಂದು ನಂತರದ ವರ್ಷಗಳಲ್ಲಿ ಗುರುತಿಸಿದರು.

ಲೆಕ್ಕ ಹೀಗೆ. ಕುದಿಸಿದ ಕಾಫಿ, ಟರ್ಕಿಶ್ ಕಾಫಿ, ಫ್ರೆಂಚ್ ಪ್ರೆಸ್ ಇವುಗಳ ಒಂದು ಕಪ್ಪಿನಲ್ಲಿ ಸುಮಾರು 3ರಿಂದ 6 ಮಿಲಿಗ್ರಾಂ ಕೆಫೆಸ್ಟಾಲ್. ಎಸ್ಪ್ರೆಸೋದ ಪುಟ್ಟ ಕಪ್ಪಿನಲ್ಲಿ 1ರಿಂದ 2. ಕಾಗದದಲ್ಲಿ ಸೋಸಿದ್ದರಲ್ಲಿ ಮತ್ತು ಇನ್‌ಸ್ಟಂಟ್‌ನಲ್ಲಿ ಗಣನೆಗೆ ಬಾರದಷ್ಟು. ದಿನಕ್ಕೆ 10 ಮಿಲಿಗ್ರಾಂ ಕೆಫೆಸ್ಟಾಲ್ ಹೊಟ್ಟೆಗೆ ಹೋದರೆ ಕೊಲೆಸ್ಟ್ರಾಲ್ ಸುಮಾರು 5 ಅಂಕ ಏರುತ್ತದೆ, ಅಂದರೆ ನಿಮ್ಮ ರಿಪೋರ್ಟಿನಲ್ಲಿರುವ ಡೆಸಿಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ.

ನಮ್ಮ ಸ್ಟೀಲ್ ಫಿಲ್ಟರ್ ಈ ಎರಡು ತುದಿಗಳ ನಡುವೆ ಬರುತ್ತದೆ. ಪುಡಿಯ ದಪ್ಪ ಪದರವೇ ಒಂದಷ್ಟು ಎಣ್ಣೆಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಆದರೆ ತೂತುಗಳ ಮೂಲಕ ನುಣ್ಣನೆ ಪುಡಿ, ಎಣ್ಣೆ ಹನಿಗಳು ಇಳಿಯುತ್ತವೆ. ಡಿಕಾಕ್ಷನ್ ತಣ್ಣಗಾದಾಗ ಮೇಲೆ ಹೊಳೆಯುವ ಪೊರೆ ನೋಡಿದ್ದೀರಲ್ಲ, ತಳದಲ್ಲಿ ಕೂರುವ ಚರಟ ನೋಡಿದ್ದೀರಲ್ಲ, ಅವೇ.

ಹಳೇಗಿರಾಕಿ_ಮಧುಗಿರಿ

ನಮ್ಮಜ್ಜ ತೊಂಬತ್ತು ದಾಟಿ ಬದುಕಿದರು. ಬೆಲ್ಲದ ಕಾಫಿ ಲೋಟಗಟ್ಟಲೆ ಕುಡೀತಿದ್ದರು. ಎಲ್‌ಡಿಎಲ್ ಅಂದರೆ ಏನಂತ ಅವರಿಗೆ ಗೊತ್ತಿರಲಿಲ್ಲ. ಈಗಿನವರು ಕಾಫಿಯಲ್ಲೂ ಕಾಯಿಲೆ ಹುಡುಕ್ತೀರಿ. ಬೆಳಿಗ್ಗೆ ಹೊಲಕ್ಕೆ ನಡೀರಿ ಸಾಕು.

ಅಂತರಗಂಗೆ_ಕೋಲಾರ

ಮಧುಗಿರಿ ಅಣ್ಣೋರೇ, ನಿಮ್ಮಜ್ಜನ ಕಾಫೀನ ಹೆಂಗೆ ಮಾಡ್ತಿದ್ರು ನೆನಪು ಮಾಡ್ಕೊಳ್ಳಿ. ನಮ್ಮ ಕಡೆ ಹಳ್ಳೀಲಿ ನೀರಿಗೆ ಬೆಲ್ಲ ಹಾಕಿ ಕುದಿಸಿ, ಪುಡಿ ಹಾಕಿ ಮುಚ್ಚಿಟ್ಟು, ಆಮೇಲೆ ಬಟ್ಟೇಲಿ ಸೋಸ್ತಿದ್ರು. ಕಾಫಿ ಸೋಸೋಕೆ ಅಂತಲೇ ಒಂದು ಬಟ್ಟೆ, ಕಂದು ಬಣ್ಣಕ್ಕೆ ತಿರುಗಿದ್ದು, ಮೊಳೆಗೆ ನೇತಾಕಿರೋರು. ಕಾಗದ ಹಿಡಿಯೋ ಎಣ್ಣೇನ ಆ ಬಟ್ಟೇನೂ ಹಿಡೀತಿತ್ತು.

ನಮ್ಮದು ಹೋಟೆಲ್ ಮನೆತನ. ಅಪ್ಪನ ಕಾಲದಲ್ಲಿ ಡಿಕಾಕ್ಷನ್ ಇಳಿಸ್ತಿದ್ದದ್ದೇ ಉದ್ದನೆ ಬಟ್ಟೆ ಚೀಲದಲ್ಲಿ. ಬಿಸಿನೀರು ಹೊಯ್ದು, ಇಳಿದದ್ದನ್ನ ಮತ್ತೆ ಅದೇ ಪುಡಿ ಮೇಲೆ ಹೊಯ್ಯೋರು. ಮಾರ್ಕೆಟ್ಟಿಗೆ ಟೊಮ್ಯಾಟೊ ಹಾಕೋಕೆ ರಾತ್ರಿಯೆಲ್ಲಾ ಗಾಡೀಲಿ ಬಂದ ರೈತರು ಬೆಳಗಿನ ಜಾವ ಬಂದು ಕುಡಿಯೋರು, ಅವರಿಗೆ ನೀರು ಕಾಫಿ ಕೊಟ್ರೆ ಮಾರನೇ ದಿನ ಪಕ್ಕದ ಅಂಗಡಿಗೆ ಹೋಗ್ತಿದ್ರು. ಹಂಗಾಗಿ ಬಟ್ಟೇಲಿ ಸೋಸಿದ್ರೆ ರುಚಿ ಕೆಡುತ್ತೆ ಅನ್ನೋ ಮಾತನ್ನ ನಾನು ಒಪ್ಪಲ್ಲ.

ಜೀವರಸಾಯನ

ಅಂತರಗಂಗೆಯವರು ಹೇಳಿದ್ದಕ್ಕೆ ಆಧಾರ ಇದೆ. ಸಿಂಗಾಪುರದ ಹಳೆಯ ಕಾಫಿ ಅಂಗಡಿಗಳಲ್ಲಿ ಕಾಲುಚೀಲದ ಆಕಾರದ ಹತ್ತಿಬಟ್ಟೆಯಲ್ಲಿ ಕಾಫಿ ಸೋಸುತ್ತಾರೆ. ಸಿಂಗಾಪುರ, ಇಂಡೋನೇಷ್ಯಾ, ಭಾರತ ಈ ಮೂರೂ ಕಡೆಯ ಕಾಫಿಯನ್ನು ಪರೀಕ್ಷಿಸಿದ ಒಂದು ಅಧ್ಯಯನ 2011ರಲ್ಲಿ ಬಂತು. ಆ ಬಟ್ಟೆ ಚೀಲದ ಕಾಫಿಯಲ್ಲಿ ಕೆಫೆಸ್ಟಾಲ್ ಕಾಗದದಲ್ಲಿ ಸೋಸಿದಷ್ಟೇ ಕಡಿಮೆ ಇತ್ತು. 2025ರಲ್ಲಿ ಸ್ವೀಡನ್ನಿನವರು ಕಚೇರಿಗಳ ಕಾಫಿ ಯಂತ್ರಗಳನ್ನು ಪರೀಕ್ಷಿಸಿದಾಗಲೂ, ಕುದಿಸಿದ ಕಾಫಿಯನ್ನು ಬಟ್ಟೆಯಲ್ಲಿ ಸೋಸಿದರೆ ಕೆಫೆಸ್ಟಾಲ್ ಬಹುಪಾಲು ಹೋಗುತ್ತದೆ ಎಂದು ಕಂಡಿತು. ಅದೇ ಅಧ್ಯಯನದಲ್ಲಿ ಲೋಹದ ಜಾಲರಿ ಇರುವ ಕಚೇರಿ ಯಂತ್ರಗಳ ಕಾಫಿಯಲ್ಲಿ ಕಾಗದದ್ದಕ್ಕಿಂತ ಬಹಳ ಹೆಚ್ಚು ಕೆಫೆಸ್ಟಾಲ್ ಸಿಕ್ಕಿತು. ಮೇಡಂ, ನಿಮ್ಮ ಯಜಮಾನರ ಆಫೀಸಿನ ಎರಡು ಕಪ್ ಎಲ್ಲಿಂದ ಬರುತ್ತೆ ಎಂದೂ ಕೇಳಿಕೊಳ್ಳಿ.

ಮಧುಗಿರಿಯ ಹಿರಿಯರಿಗೆ: ನಿಮ್ಮಜ್ಜನವರ ನಡಿಗೆ, ದುಡಿಮೆ, ರಾಗಿ ಮುದ್ದೆ, ಸೊಪ್ಪಿನ ಸಾರು ಎಲ್ಲದಕ್ಕೂ ಗೌರವ ಇದೆ. ಆದರೆ ಅದೇ ಊರಿನಲ್ಲಿ ಐವತ್ತಕ್ಕೇ ಎದೆ ಹಿಡಿದುಕೊಂಡು ಹೋದವರ ಲೆಕ್ಕವನ್ನು ಆಗ ಯಾರೂ ಇಟ್ಟಿರಲಿಲ್ಲ.

ನಂದಿತಪ್ಪಲು

ಚಿಕ್ಕಬಳ್ಳಾಪುರದಿಂದ. ಮನೆಯಲ್ಲಿ ಬಹಳ ಕಾಲದಿಂದ ಪೇಪರ್ ಫಿಲ್ಟರ್ ಬಳಸ್ತಿದ್ದೀನಿ, ಹಾಲಿಲ್ಲದ ಕಾಫಿಗೂ ಹಾಲಿನ ಕಾಫಿಗೂ. ಮಾಡೋ ವಿಧಾನ ಬರೀತೀನಿ.

ಪೇಪರ್ ಫಿಲ್ಟರ್ ಹೊಸ ಫ್ಯಾಷನ್ ಅಂತ ಸುಮಾರು ಜನ ಅಂದ್ಕೊಂಡಿದ್ದಾರೆ. 1908ರಲ್ಲಿ ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಮೆಲಿಟಾ ಬೆಂಟ್ಜ್ ಅನ್ನೋ ಗೃಹಿಣಿ, ಕಾಫಿಯಲ್ಲಿ ಚರಟ ಬರೋದು ಸಾಕಾಗಿ, ಮಗನ ಶಾಲೆ ಪುಸ್ತಕದ, ಶಾಯಿ ಹೀರೋ ಒತ್ತುಕಾಗದವನ್ನ ತೂತು ಮಾಡಿದ ಹಿತ್ತಾಳೆ ಪಾತ್ರೆಗೆ ಹಾಕಿ ಸೋಸಿದ್ದು ಇದರ ಮೂಲ. ಆಕೆ ಹೆಸರಿನ ಕಂಪನಿ ಈಗಲೂ ಇದೆ. ಕೊಲೆಸ್ಟ್ರಾಲ್ ವಿಚಾರ ಆಗ ಯಾರ ತಲೇಲೂ ಇರಲಿಲ್ಲ, ಚರಟ, ಕಹಿ ಇಷ್ಟೇ ಆಕೆಯ ತಕರಾರು.

ಹಾಲಿಲ್ಲದೆ ಕುಡಿಯೋರಿಗೆ: ಕೋನಾಕಾರದ ಡ್ರಿಪ್ಪರ್ (ಲೋಟದ ಮೇಲೆ ಕೂರೋ, ತಳದಲ್ಲಿ ತೂತಿರೋ ಪಾತ್ರೆ), ಅದಕ್ಕೆ ಹೊಂದೋ ಕಾಗದ. ಕಾಗದಾನ ಮೊದಲು ಬಿಸಿನೀರಲ್ಲಿ ತೊಳೀಬೇಕು, ಇಲ್ಲಾಂದ್ರೆ ಕಾಗದದ ವಾಸನೆ ಬರುತ್ತೆ. 15 ಗ್ರಾಂ ಪುಡಿಗೆ 230 ಮಿಲಿ ನೀರು. ಕುದಿ ಬಂದ ಮೇಲೆ ಒಲೆ ಆರಿಸಿ ಅರೆ ನಿಮಿಷ ಬಿಟ್ಟ ನೀರು. ಮೊದಲು ಪುಡಿ ನೆನೆಯೋವಷ್ಟು ಮಾತ್ರ ಹೊಯ್ದು ಅರೆ ನಿಮಿಷ ಕಾಯಬೇಕು, ಪುಡಿ ಉಬ್ಬಿ ಗಾಳಿ ಬಿಡುತ್ತೆ. ಆಮೇಲೆ ಸುತ್ತಿ ಸುತ್ತಿ ನಿಧಾನಕ್ಕೆ. ಒಟ್ಟು ಮೂರು ನಿಮಿಷದ ಆಸುಪಾಸು.

ಹಾಲಿನ ಕಾಫಿಗೆ ಈ ಅಳತೆ ನಡೆಯಲ್ಲ. ನೀವು ಹೆದರಿದ ಬಣ್ಣದ ನೀರು ಬರೋದು ಇಲ್ಲೇ. 25 ಗ್ರಾಂ ಪುಡಿಗೆ 150 ಮಿಲಿ ನೀರು ಹಾಕಿ. ಪುಡಿ ತನ್ನ ತೂಕದ ಎರಡರಷ್ಟು ನೀರನ್ನ ಹಿಡ್ಕೊಂಡು, ಹೆಚ್ಚುಕಡಿಮೆ 100 ಮಿಲಿ ಡಿಕಾಕ್ಷನ್ ಇಳಿಯುತ್ತೆ, ಮೂರು ಸಣ್ಣ ಲೋಟಕ್ಕೆ ಸಾಕು. ಸ್ಟೀಲ್ ಫಿಲ್ಟರಿನ ಮೊದಲ ಡಿಕಾಕ್ಷನ್ನಷ್ಟು ದಪ್ಪ ಇರಲ್ಲ, ಎಣ್ಣೆ ಹೋದ ಮೇಲೆ ನಾಲಿಗೆಗೆ ಸ್ವಲ್ಪ ಹಗುರ ಅನ್ಸುತ್ತೆ, ಸುಳ್ಳು ಹೇಳಲ್ಲ. ಪರಿಮಳ ಮಾತ್ರ ಜಾಸ್ತಿ.

ಪುಡಿ ಅಂಗಡಿಯವರಿಗೆ ಒಂದು ಮಾತು ಹೇಳಲೇಬೇಕು: ಸ್ಟೀಲ್ ಫಿಲ್ಟರಿಗೆ ಬೀಸೋದಕ್ಕಿಂತ ತರಿಯಾಗಿ, ಸಣ್ಣ ರವೆ ಥರ. ನುಣ್ಣಗಿದ್ರೆ ಕಾಗದದ ರಂಧ್ರ ಮುಚ್ಚಿ ನೀರು ನಿಂತುಬಿಡುತ್ತೆ. ಚಿಕೋರಿ ಜಾಸ್ತಿ ಇದ್ರೂ ಅದೇ ಪಾಡು, ನೀರು ತಾಗಿದ್ರೆ ಅಂಟಂಟಾಗುತ್ತೆ. ಪೇಪರ್‌ಗೆ ಚಿಕೋರಿ ಇಲ್ಲದ ಪುಡಿ ಒಳ್ಳೇದು, ಬೇಕೇ ಬೇಕು ಅಂದ್ರೆ ಹತ್ತು ಭಾಗ.

ಮನೆಯಡುಗೆ_ತುಮಕೂರು

ಎಷ್ಟು ವಿವರವಾಗಿ ಬರೆದಿದ್ದೀರಿ, ಧನ್ಯವಾದ. ಆದರೆ ಬೆಳಿಗ್ಗೆ ಆರಕ್ಕೆ ನೀರು ಬಿಡ್ತಾರೆ, ಹಾಲು ಕಾಯಿಸ್ಬೇಕು, ಡಬ್ಬಿ ಕಟ್ಟಬೇಕು. ಆ ಹೊತ್ತಲ್ಲಿ ಸುತ್ತಿ ಸುತ್ತಿ ನೀರು ಹೊಯ್ಯೋಕೆ ನನಗೆ ಆಗಲ್ಲ. ರಾತ್ರಿನೇ ಸ್ಟೀಲ್ ಫಿಲ್ಟರ್‌ಗೆ ಹಾಕಿಟ್ಟು ಮಲಗ್ತೀನಿ. ಸ್ಟೀಲ್ ಫಿಲ್ಟರ್ ಒಳಗೇ ಕಾಗದ ಹಾಕೋಕೆ ಬರುತ್ತಾ?

ನಂದಿತಪ್ಪಲು

ಬರುತ್ತೆ. ಮೇಲಿನ ಪಾತ್ರೆಯ ತಳಕ್ಕಿಂತ ಒಂದು ಬೆರಳು ದೊಡ್ಡದಾಗಿ ಕಾಗದ ದುಂಡಗೆ ಕತ್ತರಿಸಿ, ಅಂಚು ಮೇಲಕ್ಕೆ ಮಡಚಿ ಕೂರಿಸಿ. ಬಿಸಿನೀರು ಚಿಮುಕಿಸಿದ್ರೆ ತಳಕ್ಕೆ ಅಂಟ್ಕೊಳ್ಳುತ್ತೆ. ಅದರ ಮೇಲೆ ಪುಡಿ, ಮೇಲೆ ಒತ್ತುಬಿಲ್ಲೆ, ಆದರೆ ಗಟ್ಟಿಯಾಗಿ ಒತ್ತಬೇಡಿ. ಅಂಚು ಸರಿಯಾಗಿ ಕೂರದಿದ್ರೆ ಡಿಕಾಕ್ಷನ್ ಪಕ್ಕದಿಂದ ಇಳಿದು, ಕಾಗದ ಇದ್ದೂ ಇಲ್ಲದ ಹಾಗೆ. ಇಳಿಯೋದು ನಿಧಾನ, ರಾತ್ರಿ ಇಡೋರಿಗೆ ಅದೇನು ತೊಂದರೆ ಅಲ್ಲ.

ಜೀವರಸಾಯನ

ಇದಕ್ಕಿಂತ ಸುಲಭದ ದಾರಿಯೊಂದಿದೆ, ನಮ್ಮ ಮನೆಗಳಿಗೆ ನಾನು ಸೂಚಿಸುವುದು ಇದನ್ನೇ. ಡಿಕಾಕ್ಷನ್ನನ್ನು ಎಂದಿನಂತೆ ಸ್ಟೀಲ್ ಫಿಲ್ಟರಿನಲ್ಲೇ ಇಳಿಸಿ. ಚಹಾ ಸೋಸುವ ಜರಡಿಯೊಳಗೆ ಕೋನಾಕಾರದ ಕಾಗದ ಇಟ್ಟು, ಒದ್ದೆ ಮಾಡಿ, ಇಳಿದ ಡಿಕಾಕ್ಷನ್ನನ್ನು ಅದರ ಮೂಲಕ ಒಮ್ಮೆ ಹಾಯಿಸಿ. ನಾನು ಮೇಲೆ ಹೇಳಿದ ನೆದರ್‌ಲ್ಯಾಂಡ್ಸ್‌ನವರ ಪ್ರಯೋಗದಲ್ಲಿ ನಡೆದದ್ದೂ ಇದೇ: ಮೊದಲು ಕಾಫಿ ಕುದಿಸಿದರು, ಆಮೇಲೆ ಕಾಗದದಲ್ಲಿ ಸೋಸಿದರು. ಪುಡಿ ಬದಲಾಯಿಸಬೇಕಿಲ್ಲ, ಚಿಕೋರಿ ಬಿಡಬೇಕಿಲ್ಲ, ಹೊಸ ಪಾತ್ರೆ ಬೇಡ. ತಣ್ಣಗಾದದ್ದು ನಿಧಾನಕ್ಕೆ ಇಳಿಯುತ್ತದೆ, ಹಾಗಾಗಿ ಡಿಕಾಕ್ಷನ್ ಪಾತ್ರೆಯನ್ನು ಬಿಸಿನೀರಿನಲ್ಲಿ ಇಟ್ಟು ಬೆಚ್ಚಗೆ ಮಾಡಿಕೊಂಡು ಸೋಸಿ.

ದಿನಕ್ಕೆ ಒಂದೋ ಎರಡೋ ಸಣ್ಣ ಲೋಟ ಕುಡಿಯುವವರಿಗೆ, ಕೊಲೆಸ್ಟ್ರಾಲ್ ಸರಿಯಿರುವವರಿಗೆ, ಇಷ್ಟೆಲ್ಲ ಬೇಕಿಲ್ಲ ಎಂದೇ ನನ್ನ ಅಭಿಪ್ರಾಯ. ನಮ್ಮ ಲೋಟದಲ್ಲಿ ಡಿಕಾಕ್ಷನ್ನಿಗಿಂತ ಹಾಲೇ ಜಾಸ್ತಿ. ಐದು ಲೋಟ ಕುಡಿದು ಎಲ್‌ಡಿಎಲ್ 156 ಇರುವವರಿಗೆ ಮಾತ್ರ ಇದು ಮಾಡಲೇಬೇಕಾದ ಬದಲಾವಣೆ.

ಲೋಕಲ್_ರೈಲು

ಟಿಶ್ಯೂ ಪೇಪರ್ ಇಟ್ಟು ಸೋಸಿದರೆ ಆಗಲ್ವಾ? ಫಿಲ್ಟರ್ ಪೇಪರ್ ತುಮಕೂರಲ್ಲಿ ಎಲ್ಲ ಅಂಗಡೀಲೂ ಸಿಗಲ್ಲ.

ನಂದಿತಪ್ಪಲು

ಬೇಡ. ಒದ್ದೆಯಾದ ತಕ್ಷಣ ಹರಿದು ನಾರು ಕಾಫಿಗೆ ಬೀಳುತ್ತೆ. ಬಿಸಿ ಡಿಕಾಕ್ಷನ್ ಹೊಯ್ಯೋಕೆ ಅಂತ ಮಾಡಿದ ಕಾಗದ ಅಲ್ಲ ಅದು. ಫಿಲ್ಟರ್ ಕಾಗದ ಆನ್‌ಲೈನಲ್ಲಿ ನೂರರ ಕಟ್ಟು ಬರುತ್ತೆ. ಬಿಳಿ, ಕಂದು ಎರಡೂ ಆಗುತ್ತೆ, ಕಂದು ಕಾಗದಾನ ಇನ್ನೊಂದ್ಸಲ ಜಾಸ್ತಿ ತೊಳೀರಿ. ದಿನಾ ಕಾಗದ ಎಸೆಯೋದು ಇಷ್ಟ ಇಲ್ಲದೋರು ಅಂತರಗಂಗೆಯವರು ಹೇಳಿದ ಹಾಗೆ ಬಟ್ಟೆಗೆ ಹೋಗಿ.

ಅಂತರಗಂಗೆ_ಕೋಲಾರ

ಬಟ್ಟೆ ಅಂದ್ರೆ ಒತ್ತಾಗಿ ನೇಯ್ದ ಬಿಳಿ ಹತ್ತಿಬಟ್ಟೆ, ಎರಡು ಮಡಿಕೆ. ಪನೀರ್ ಹಿಂಡೋ ತೆಳು ಬಟ್ಟೆ ಆಗಲ್ಲ. ಹೊಸ ಬಟ್ಟೇನ ಗಂಜಿ ಬಿಡೋವರೆಗೂ ಕುದಿಸ್ಬೇಕು. ಸೋಪು ಮುಟ್ಟಿಸ್ಬೇಡಿ, ವಾಸನೆ ಬಿಡಲ್ಲ. ಆದ್ರೆ ದಿನಾ ಕುದಿಯೋ ನೀರಲ್ಲಿ ಹಿಂಡಿ ಬಿಸಿಲಿಗೆ ಹಾಕ್ಲೇಬೇಕು, ಯಾಕಂದ್ರೆ ನಮ್ಮಿಂದ ದೂರ ಇಡೋ ಎಣ್ಣೇನ ಅದೇ ಕುಡಿದಿರುತ್ತೆ. ಒದ್ದೆ ಬಿಟ್ರೆ ಮುಗ್ಗುತ್ತೆ, ಮಾರನೇ ದಿನದ ಕಾಫೀಲಿ ಆ ಕಮಟು ಬರುತ್ತೆ. ಇಷ್ಟು ಮಾಡೋಕೆ ಪುರಸೊತ್ತಿಲ್ಲ ಅಂದ್ರೆ ಕಾಗದವೇ ವಾಸಿ.

ಚಿಂತಾಮಣಿ_ಸಿಸ್ಟರ್

ನಾನು ನರ್ಸ್. ದಿನವೂ ಇಂಥ ರಿಪೋರ್ಟ್ ಹಿಡಿದು ಬರುವವರನ್ನು ನೋಡುತ್ತೇನೆ, ಅದಕ್ಕೇ ಈ ಚರ್ಚೆ ಕಾಫಿ ಪುಡಿಯ ಎಣ್ಣೆಯಲ್ಲೇ ನಿಂತುಬಿಟ್ಟಿದೆ ಅಂತ ಅನ್ನಿಸಿತು. ಲೋಟದಲ್ಲಿರುವ ಉಳಿದದ್ದನ್ನೂ ನೋಡೋಣ.

ಹಾಲು. ನಂದಿನಿ ನೀಲಿ ಪ್ಯಾಕೆಟ್ಟಿನ ಟೋನ್ಡ್ ಹಾಲಿನಲ್ಲಿ ಕೊಬ್ಬು ನೂರಕ್ಕೆ 3 ಭಾಗ. ಒಂದು ಲೋಟಕ್ಕೆ 100 ಮಿಲಿ ಅಂದರೆ 3 ಗ್ರಾಂ ಕೊಬ್ಬು, ಅದರಲ್ಲಿ ಸುಮಾರು ಮೂರನೇ ಎರಡು ಭಾಗ ಸ್ಯಾಚುರೇಟೆಡ್, ಅಂದರೆ ಬೆಣ್ಣೆ ತುಪ್ಪದಲ್ಲಿರುವಂಥ ಕೊಬ್ಬು. ಐದು ಲೋಟಕ್ಕೆ ಸ್ಯಾಚುರೇಟೆಡ್ ಕೊಬ್ಬೇ 10 ಗ್ರಾಂ ಆಯಿತು. ಮನೆಯಲ್ಲಿ ಎಮ್ಮೆ ಕಟ್ಟಿದವರು, ಡೇರಿಗೆ ಹಾಕಿ ಉಳಿದ ಗಟ್ಟಿ ಹಾಲಲ್ಲೇ ಕಾಫಿ ಮಾಡುವವರು ನಮ್ಮ ಕಡೆ ಬಹಳ, ಅವರಿಗೆ ಇದರ ಎರಡರಷ್ಟು. ಈ ಕೊಬ್ಬು ಎಲ್‌ಡಿಎಲ್ ಏರಿಸುತ್ತದೆ ಅನ್ನುವುದರಲ್ಲಿ ಅನುಮಾನವಿಲ್ಲ. ಕಾಗದ ಇದನ್ನು ತಡೆಯುವುದಿಲ್ಲ, ಹಾಲು ಸೇರುವುದು ಆಮೇಲೆ.

ಸಕ್ಕರೆ. ಲೋಟಕ್ಕೆ ಎರಡು ಚಮಚ, ಐದು ಲೋಟ, ಹತ್ತು ಚಮಚ. ಟ್ರೈಗ್ಲಿಸರೈಡ್ 190 ಇರುವವರಿಗೆ ಇದು ಬಹಳ ಜಾಸ್ತಿ. ಬೆಲ್ಲ ಹಾಕಿದರೂ ಲೆಕ್ಕ ಅದೇ.

ಕೆಫೀನ್ ನೀರಿನಲ್ಲಿ ಕರಗುತ್ತದೆ, ಕಾಗದವನ್ನು ಆರಾಮವಾಗಿ ದಾಟುತ್ತದೆ. ಬಿ.ಪಿ. ಅಂಚಿನಲ್ಲಿದೆ ಅಂದಿರಿ. ಪೇಪರ್ ಫಿಲ್ಟರಿನಿಂದ ಬಿ.ಪಿ.ಗೆ, ನಿದ್ದೆಗೆ, ಎದೆಯುರಿಗೆ ಲಾಭ ಆಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ರಾಷ್ಟ್ರೀಯ ಪೋಷಣೆ ಸಂಸ್ಥೆಯವರು 2024ರ ಆಹಾರ ಮಾರ್ಗಸೂಚಿಯಲ್ಲಿ ದಿನಕ್ಕೆ 300 ಮಿಲಿಗ್ರಾಂ ಕೆಫೀನ್ ದಾಟಬೇಡಿ ಅಂದಿದ್ದಾರೆ. 150 ಮಿಲಿ ಸೋಸಿದ ಕಾಫಿಯಲ್ಲಿ 80ರಿಂದ 120 ಇರುತ್ತದೆ ಅಂತಲೂ ಅಲ್ಲೇ ಇದೆ. ಊಟದ ಹಿಂದೆ ಮುಂದೆ ಕನಿಷ್ಠ ಒಂದು ಗಂಟೆ ಕಾಫಿ, ಟೀ ಬೇಡ ಅಂತಲೂ ಇದೆ, ಕಬ್ಬಿಣದ ಅಂಶ ಮೈಗೆ ಹತ್ತುವುದಿಲ್ಲ. ರಕ್ತಹೀನತೆ ಇರುವ ಹೆಣ್ಣುಮಕ್ಕಳು ತಿಂಡಿ ಜೊತೆ ಕಾಫಿ ಕುಡಿಯುವುದನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ. ಥೈರಾಯ್ಡ್ ಮಾತ್ರೆ ತಗೊಳ್ಳುವವರು ಮಾತ್ರೆ ನುಂಗಿದ ಮೇಲೆ ಅರ್ಧದಿಂದ ಒಂದು ಗಂಟೆ ಕಾಫಿ ಮುಟ್ಟಬಾರದು, ಪೇಪರ್ ಆಗಲಿ ಸ್ಟೀಲ್ ಆಗಲಿ. ಬಿ.ಪಿ. ನೋಡಿಸಿಕೊಳ್ಳುವ ಅರ್ಧ ಗಂಟೆ ಮುಂಚೆಯೂ ಕಾಫಿ ಬೇಡ.

ತಿಪಟೂರು_ಕೊಬ್ಬರಿ

ರೋಬಸ್ಟಾ ಜಾತಿಯ ಕಾಫಿ ಪುಡಿಯಲ್ಲಿ ಆ ಕೆಫೆಸ್ಟಾಲ್ ಕಡಿಮೆ ಅಂತ ಕೇಳಿದ್ದೀನಿ. ಹಾಗಾದ್ರೆ ಪುಡಿ ಬದಲಾಯಿಸಿದ್ರೆ ಸಾಕಲ್ವಾ, ಕಾಗದ ಯಾಕೆ?

ಜೀವರಸಾಯನ

ಕಡಿಮೆ ಎನ್ನುವುದು ನಿಜ, ಕಾವಿಯಾಲ್ ಅಂತೂ ರೋಬಸ್ಟಾದಲ್ಲಿ ಬಹುತೇಕ ಇಲ್ಲ. ಆದರೆ ಅರೇಬಿಕಾಗಿಂತ ರೋಬಸ್ಟಾದಲ್ಲಿ ಕೆಫೀನ್ ಹತ್ತಿರ ಹತ್ತಿರ ಎರಡರಷ್ಟು. ಬಿ.ಪಿ. ಅಂಚಿನಲ್ಲಿರುವವರಿಗೆ ನಾನು ಅದನ್ನು ಹೇಳಲಾರೆ. ಚಿಕೋರಿಯಲ್ಲಿ ಕೆಫೀನೂ ಇಲ್ಲ, ಕೆಫೆಸ್ಟಾಲೂ ಇಲ್ಲ. ಇಪ್ಪತ್ತು ಭಾಗ ಚಿಕೋರಿ ಇರುವ ಪುಡಿಯಲ್ಲಿ ಅಷ್ಟರ ಮಟ್ಟಿಗೆ ಎರಡೂ ಕಡಿಮೆ. ಚಿಕೋರಿ ಎಂದರೆ ಕಲಬೆರಕೆ ಎಂದು ಹೀಗಳೆಯುವವರು ಇದನ್ನು ಗಮನಿಸಬೇಕು.

ಮತ್ತೊಂದು ಮಾತು ಈಗಲೇ ಹೇಳುತ್ತೇನೆ, ಯಾರೋ ಕೇಳಿಯೇ ಕೇಳುತ್ತಾರೆ. ಕೆಫೆಸ್ಟಾಲ್ ಒಳ್ಳೆಯದು, ಕ್ಯಾನ್ಸರ್ ತಡೆಯುತ್ತದೆ ಎಂಬ ಬರಹಗಳು ಓಡಾಡುತ್ತಿವೆ. ಅವು ಪ್ರಯೋಗಾಲಯದ ಜೀವಕೋಶ, ಇಲಿಗಳ ಮೇಲಿನ ಫಲಿತಾಂಶಗಳು. ಕಾಫಿ ಕುಡಿಯುವವರಲ್ಲಿ ಯಕೃತ್ತಿನ ಕಾಯಿಲೆ ಕಡಿಮೆ ಎಂದು ಜನರ ಮೇಲಿನ ಅಧ್ಯಯನಗಳಲ್ಲಿ ಕಂಡದ್ದು ಸೋಸಿದ ಕಾಫಿಗೂ, ಇನ್‌ಸ್ಟಂಟ್‌ಗೂ ಅನ್ವಯಿಸುತ್ತದೆ. ನಾರ್ವೆಯಲ್ಲಿ 5 ಲಕ್ಷಕ್ಕೂ ಹೆಚ್ಚು ಜನರನ್ನು ಸರಾಸರಿ 20 ವರ್ಷ ಗಮನಿಸಿದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಸೋಸಿದ ಕಾಫಿ ಕುಡಿಯುವವರಲ್ಲಿ ಸಾವಿನ ಪ್ರಮಾಣ, ಕಾಫಿಯನ್ನೇ ಕುಡಿಯದವರಿಗಿಂತಲೂ ಕಡಿಮೆ ಇತ್ತು. ಇದು ಬರೀ ಗಮನಿಸಿದ ಅಧ್ಯಯನ, ಕಾಫಿಯೇ ಕಾರಣ ಎಂದು ಸಾಧಿಸಿದ್ದಲ್ಲ. ಆದರೂ ಸೋಸಿದರೆ ಕಾಫಿಯ ಒಳ್ಳೆಯ ಗುಣವೆಲ್ಲ ಹೋಗುತ್ತದೆ ಎನ್ನುವ ಹೆದರಿಕೆಗೆ ಇದು ಉತ್ತರ.

ಪಾವಗಡ_ಬಿಸಿಲು

ಎಲ್ಲರೂ ಪುಡಿ, ಹಾಲು ಅಂತಿದ್ದೀರಿ, ನೀರಿನ ಬಗ್ಗೆ ಯಾರೂ ಮಾತಾಡಿಲ್ಲ. ನಮ್ಮ ತಾಲ್ಲೂಕಲ್ಲಿ ಬೋರ್‌ವೆಲ್ ನೀರಿನ ಫ್ಲೋರೈಡ್ ಏನು ಮಾಡಿದೆ ಅಂತ ಊರೂರಲ್ಲಿ ಹಲ್ಲು, ಮೊಣಕಾಲು ನೋಡಿದ್ರೆ ಗೊತ್ತಾಗುತ್ತೆ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ರೆ 1.5ರವರೆಗೆ ಅನ್ನೋದು ನಮ್ಮ ದೇಶದ ಮಾನಕ. ಕೋಲಾರ, ಚಿಕ್ಕಬಳ್ಳಾಪುರದವರಿಗೂ ಈ ಕಷ್ಟ ಗೊತ್ತಿರೋದೇ.

ಕುದಿಸಿದ್ರೆ ಫ್ಲೋರೈಡ್ ಹೋಗಲ್ಲ, ನೀರು ಆವಿಯಾದಷ್ಟೂ ಗಟ್ಟಿಯಾಗುತ್ತೆ. ಕಾಗದದಲ್ಲೂ ನಿಲ್ಲಲ್ಲ. ಕಾಫಿಗೂ ಶುದ್ಧ ನೀರಿನ ಘಟಕದ ನೀರೇ ಬಳಸಿ. ಸುಮಾರು ಮನೇಲಿ ಕುಡಿಯೋಕೆ ಕ್ಯಾನ್ ನೀರು, ಅಡುಗೆಗೂ ಕಾಫಿಗೂ ಬೋರ್ ನೀರು ಅಂತ ಇದೆ, ಅದನ್ನ ನೋಡಿದ್ರೆ ನನಗೆ ಹೊಟ್ಟೆ ಉರಿಯುತ್ತೆ. ಇನ್ನೊಂದು, ಟೀ ಗಿಡ ಮಣ್ಣಿಂದ ಫ್ಲೋರೈಡ್ ಎಳ್ಕೊಂಡು ಎಲೇಲಿ ಇಟ್ಕೊಳ್ಳುತ್ತೆ. ಕಾಫಿಯಲ್ಲಿ ಆ ತೊಂದರೆ ಅಷ್ಟಿಲ್ಲ. ಹಂಗಾಗಿ ನಮ್ಮ ಕಡೆಯೋರು ಕೊಲೆಸ್ಟ್ರಾಲ್ ಭಯಕ್ಕೆ ಕಾಫಿ ಬಿಟ್ಟು ಕಡಕ್ ಟೀಗೆ ಹೋಗೋ ಮುಂಚೆ ಯೋಚ್ನೆ ಮಾಡ್ಲಿ.

ನಂದಿತಪ್ಪಲು

ಸರಿಯಾಗಿ ಹೇಳಿದ್ರಿ. ರುಚಿಗೂ ಇದು ಮುಖ್ಯ. ಗಡಸು ನೀರಲ್ಲಿ ಕಾಫಿಯ ಹುಳಿ ಸತ್ತು ಸಪ್ಪೆ ಆಗುತ್ತೆ.

ಹಳೇಗಿರಾಕಿ_ಮಧುಗಿರಿ

ಬಟ್ಟೆ ಸೋಸುವಿಕೆ ವಿಚಾರ ಸರಿ ಅನ್ನಿಸಿತು. ನಮ್ಮ ಮನೇಲೂ ಹಾಗೇ ಇತ್ತು, ಅಜ್ಜಿಯ ಹಳೇ ಬಿಳಿ ಸೀರೆ ಅಂಚು ಕತ್ತರಿಸಿ ಇಟ್ಟಿರೋರು. ನನಗೂ ಎಪ್ಪತ್ತಾಯಿತು, ಎದೆಗೆ ಸ್ಟೆಂಟ್ ಹಾಕಿದ್ದಾರೆ, ರಾತ್ರಿ ಮಾತ್ರೆ ನುಂಗ್ತೀನಿ. ಪೇಪರ್ ಕಾಫಿ ಶುರು ಮಾಡಿದ್ರೆ ಆ ಕೊಲೆಸ್ಟ್ರಾಲ್ ಮಾತ್ರೆ ನಿಲ್ಲಿಸಬಹುದಾ?

ಚಿಂತಾಮಣಿ_ಸಿಸ್ಟರ್

ಅಯ್ಯೋ, ದಯವಿಟ್ಟು ಬೇಡ ಸರ್. ಸ್ಟೆಂಟ್ ಹಾಕಿದವರಿಗೆ ಆ ಮಾತ್ರೆ ಕೊಲೆಸ್ಟ್ರಾಲ್ ಅಂಕ ಇಳಿಸಲಿಕ್ಕೆ ಮಾತ್ರ ಅಲ್ಲ, ರಕ್ತನಾಳದ ಒಳಗೆ ಕಟ್ಟಿರುವ ಕೊಬ್ಬು ಒಡೆಯದಂತೆ ಕಾಯಲಿಕ್ಕೂ ಹೌದು. ಆ ಗುಂಪಿನ ಮಾತ್ರೆಗಳು ಎಲ್‌ಡಿಎಲ್ಲನ್ನು 30ರಿಂದ 50 ಪ್ರತಿಶತ ಇಳಿಸುತ್ತವೆ. ಕಾಗದದಿಂದ ಸಿಗುವುದು ಕೆಲವೇ ಅಂಕ. ಮಾತ್ರೆ ಬಿಟ್ಟು ಮತ್ತೆ ಆಸ್ಪತ್ರೆಗೆ ಬಂದವರನ್ನು ನೋಡಿದ್ದೇನೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ಕಾಫಿ ಸೋಸಿ ಕುಡಿಯಿರಿ, ಮಾತ್ರೆಯನ್ನೂ ನುಂಗಿ. ಏನೇ ಬದಲಾವಣೆ ಇದ್ದರೂ ನಿಮ್ಮ ಹೃದಯದ ಡಾಕ್ಟರನ್ನು ಕೇಳಿಯೇ ಮಾಡಿ.

ಹಳೇಗಿರಾಕಿ_ಮಧುಗಿರಿ

ಆಯ್ತಮ್ಮ. ನಿಲ್ಲಿಸಲ್ಲ.

ಲೋಕಲ್_ರೈಲು

ದಿನಾ ತುಮಕೂರು–ಬೆಂಗಳೂರು ಓಡಾಡೋ ನಮ್ಮಂಥವರು ಏನು ಮಾಡೋದು? ಸ್ಟೇಷನ್ ಕಾಫಿ, ಆಫೀಸ್ ಯಂತ್ರದ ಕಾಫಿ, ಭಾನುವಾರ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಜೊತೆ ಹೋಟೆಲ್ ಕಾಫಿ. ಎಲ್ಲ ಕಡೆ ಹೋಗಿ ಹೆಂಗೆ ಸೋಸ್ತೀರಿ ಅಂತ ಕೇಳೋಕಾಗುತ್ತಾ?

ಜೀವರಸಾಯನ

ಕೇಳುವ ಅಗತ್ಯ ಬೀಳುವುದು ದಿನವೂ ಕುಡಿಯುವ ಜಾಗದಲ್ಲಿ ಮಾತ್ರ. ಕೆಫೆಸ್ಟಾಲ್‌ನ ಪರಿಣಾಮ ದಿನದಿನದ ಸೇವನೆಯಿಂದ ವಾರಗಳಲ್ಲಿ ಕಾಣುವಂಥದ್ದು, ನಿಲ್ಲಿಸಿದರೆ ಅದೇ ರೀತಿ ವಾರಗಳಲ್ಲಿ ಇಳಿಯುತ್ತದೆ. ಭಾನುವಾರದ ಒಂದು ಲೋಟಕ್ಕೆ ತಲೆ ಕೆಡಿಸಿಕೊಳ್ಳಬೇಡಿ, ಬೇಕಿದ್ದರೆ ಆ ಇಡ್ಲಿಯ ಮೇಲಿನ ಬೆಣ್ಣೆಯ ಕಡೆ ನೋಡಿ. ಆಫೀಸಿನಲ್ಲಿ ಲೋಹದ ಜಾಲರಿಯ ಯಂತ್ರವಿದ್ದರೆ ಅಲ್ಲಿ ಇನ್‌ಸ್ಟಂಟ್ ಕುಡಿಯಿರಿ. ಇನ್‌ಸ್ಟಂಟ್ ಎಂದರೆ ಮೂಗು ಮುರಿಯುವವನು ನಾನೂ ಹೌದು, ಆದರೆ ಈ ವಿಷಯದಲ್ಲಿ ಅದು ಸುರಕ್ಷಿತ.

ಮನೆಯಡುಗೆ_ತುಮಕೂರು

ಇಷ್ಟು ಜನ ಇಷ್ಟು ಕಾಳಜಿಯಿಂದ ಬರೆದಿದ್ದೀರಿ, ತುಂಬಾ ತುಂಬಾ ಧನ್ಯವಾದ. ಮನೇಲಿ ಕೂತು ಮಾತಾಡಿದ್ವಿ. ಸ್ಟೀಲ್ ಫಿಲ್ಟರ್ ಇರುತ್ತೆ. ಇಳಿದ ಡಿಕಾಕ್ಷನ್ನನ್ನ ಜರಡೀಲಿ ಕಾಗದ ಇಟ್ಟು ಸೋಸ್ತೀನಿ, ನಿನ್ನೆಯಿಂದ ಶುರು ಮಾಡಿದ್ದೀನಿ. ಇವರು ಮೊದಲ ಗುಟುಕಿಗೆ "ಸ್ವಲ್ಪ ತೆಳು" ಅಂದರು, ಲೋಟ ಮಾತ್ರ ಖಾಲಿ ಆಯ್ತು. ಕಾಗದದಲ್ಲಿ ಉಳಿದ ಕಪ್ಪು ಕೆನೆ ನೋಡಿ ಅವರೇ ದಂಗಾದರು. ಐದು ಲೋಟ ಮೂರಕ್ಕೆ ಇಳಿಸೋದು, ತಿಂಡಿ ಜೊತೆಗಿನದ್ದು ಮತ್ತು ಆಫೀಸಿನ ಒಂದು ಬಿಡೋದು, ಸಕ್ಕರೆ ಅರ್ಧ ಚಮಚ ಅಂತ ಒಪ್ಪಿದ್ದಾರೆ. ಹಾಲು ಕಾಯಿಸಿ ಫ್ರಿಜ್ಜಲ್ಲಿಟ್ಟು ಕೆನೆ ತೆಗೆದು ಕಾಫಿಗೆ ಬಳಸಿದ್ರೆ ಕೊಬ್ಬು ಇಳಿಯುತ್ತಲ್ವಾ ಸಿಸ್ಟರ್? ಮೂರು ತಿಂಗಳ ಪರೀಕ್ಷೆ ರಿಪೋರ್ಟ್ ಬಂದ ಮೇಲೆ ಇಲ್ಲೇ ಬರೀತೀನಿ.

ಚಿಂತಾಮಣಿ_ಸಿಸ್ಟರ್

ಹೌದು, ಒಂದಷ್ಟು ಇಳಿಯುತ್ತದೆ. ಆದರೆ ಪ್ಯಾಕೆಟ್ ಮೇಲೆ ಹೋಮೋಜಿನೈಸ್ಡ್ ಅಂತ ಇದ್ದರೆ ಕೆನೆ ಸರಿಯಾಗಿ ಕಟ್ಟುವುದಿಲ್ಲ, ಅದನ್ನು ನೋಡಿಕೊಂಡು ತಗೊಳ್ಳಿ. ಆ ಕೆನೆ ಮತ್ತೆ ತುಪ್ಪವಾಗಿ ಅವರ ತಟ್ಟೆಗೇ ಬರದ ಹಾಗೆ ನೋಡಿಕೊಳ್ಳಿ. ಪರೀಕ್ಷೆಯನ್ನು ಹಿಂದಿನ ಲ್ಯಾಬಿನಲ್ಲೇ ಮಾಡಿಸಿ, ಟ್ರೈಗ್ಲಿಸರೈಡ್ ಇರುವುದರಿಂದ ಖಾಲಿ ಹೊಟ್ಟೆಯಲ್ಲಿ ಹೋಗಿ, ಅವತ್ತು ಬೆಳಗಿನ ಕಾಫಿ ರಕ್ತ ಕೊಟ್ಟ ಮೇಲೆ.

ನಂದಿತಪ್ಪಲು

ಜರಡಿಗೆ 02 ಅಳತೆಯ ಕಾಗದ ತರಿಸಿ, 01 ಚಿಕ್ಕದಾಗಿ ಡಿಕಾಕ್ಷನ್ ಹೊರಗೆ ಉಕ್ಕುತ್ತೆ. ಬಳಸಿದ ಕಾಗದ, ಚರಟ ಎರಡನ್ನೂ ಹಸಿ ಕಸದ ಗೊಬ್ಬರಕ್ಕೇ ಹಾಕಬಹುದು.